ಬುಧವಾರದ ನೇರ ಹೊಲಿಗೆ

"ಇದನ್ನ ನೋಡಿ ಮೇಡಂ, ಈ ತುದಿಯಿಂದ ಆ ತುದೀವರೆಗೂ ನೋಡಿ! ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿಲ್ವಾ?"

ಟೈಲರಣ್ಣ ಕೆಂಪು ಪರದೆಯ ಅಂಚನ್ನು ಸ್ಟೆನೋಳ ಮೂಗಿನ ಹತ್ತಿರಕ್ಕೇ ತಂದ. ಹೊಸ ಬಟ್ಟೆಯ ಗಂಜಿ ವಾಸನೆಗೆ ಅವಳಿಗೆ ಸೀನು ಬಂತು.

ಅವಳಿಗೆ ಪರದೆ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಒಂದೇ ಒಂದು ಹೇಳಿಕೆ: ಬುಧವಾರ ಸಂಜೆ ನಾಲ್ಕರಿಂದ ಐದರವರೆಗೆ ಮಹಡಿಯ ಮೇಲೆ ಡ್ರಮ್ ಕೇಳಿಸುತ್ತಿತ್ತು ಎಂದು. ಅದನ್ನು ಅವನು ಹೇಳಿ ಮುಗಿಸುವ ಮೊದಲೇ ಅವಳು ಶೀಘ್ರಲಿಪಿಯಲ್ಲಿ ಬರೆದುಕೊಂಡಾಗಿತ್ತು. ಹನ್ನೆರಡು ವರ್ಷ ಕೋರ್ಟಿನಲ್ಲಿ ಕೂತು ಕಂಡವರ ಸುಳ್ಳುಗಳನ್ನೆಲ್ಲ ಅಂದವಾಗಿ ಬರೆದು ಬರೆದು ಬೇಸತ್ತು ಪತ್ತೇದಾರಿಕೆಗೆ ಇಳಿದವಳು ಅವಳು. ಅವಳು ಕೆಲಸ ಬಿಟ್ಟರೂ ಸ್ಟೆನೋ ಎಂಬ ಹೆಸರು ಮಾತ್ರ ಅವಳನ್ನು ಬಿಟ್ಟಿರಲಿಲ್ಲ.

ಬುಧವಾರ ನಾಲ್ಕೂವರೆಗೆ ಸ್ಟುಡಿಯೋದ ಟೇಪ್ ಕೋಣೆಯಲ್ಲಿ ಮುದುಕ ರೆಕಾರ್ಡಿಂಗ್ ಮೇಷ್ಟ್ರ ತಲೆಗೆ ಯಾರೋ ಹೊಡೆದು, 'ಹಳದಿ ದೀಪ' ಬ್ಯಾಂಡಿನ ಮೊಟ್ಟಮೊದಲ ಟೇಪನ್ನು ಹೊತ್ತೊಯ್ದಿದ್ದರು. ಮೇಷ್ಟ್ರಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಇನ್‌ಸ್ಪೆಕ್ಟರ್ ಬೆರಳು ತೋರಿಸುತ್ತಿದ್ದದ್ದು ಆ ಬ್ಯಾಂಡಿನ ಡ್ರಮ್ಮರ್ ಕಡೆಗೆ, ಅಂದರೆ ಸ್ಟೆನೋಳ ಸ್ವಂತ ಚಿಕ್ಕಮ್ಮನ ಕಡೆಗೆ. ಚಿಕ್ಕಮ್ಮ ಲಾಕಪ್ಪಿನಿಂದ ಆಚೆ ಇದ್ದದ್ದು ಈ ಬೀದಿಗೆಲ್ಲ ಕೇಳಿಸಿದ ಡ್ರಮ್ ಸದ್ದಿನ ದಯೆಯಿಂದ. ನಾಳೆ ಸೋಮವಾರ ಹತ್ತು ಗಂಟೆಗೆ ಚಿಕ್ಕಮ್ಮ ಠಾಣೆಗೆ ಹೋಗಿ ತನ್ನ ಹೇಳಿಕೆಗೆ ಸಹಿ ಹಾಕಬೇಕಿತ್ತು.

"ಚೆನ್ನಾಗಿದೆ ಅಣ್ಣಾ," ಎಂದು ಸ್ಟೆನೋ ಪುಸ್ತಕ ಮುಚ್ಚಿ ಎದ್ದಳು.

"ಬರೀ ಚೆನ್ನಾಗಿದೆ ಅಂದ್ರೆ ಹೆಂಗೆ ಮೇಡಂ? ದಿನಾ ಹೀಗೆ ಬರಲ್ಲ ಇದು. ಮೇಲೆ ನಿಮ್ಮ ಚಿಕ್ಕಮ್ಮ ಶುರು ಹಚ್ಕೊಂಡ್ರೆ ನನ್ನ ಕಾಲು ನನ್ನ ಮಾತು ಕೇಳಲ್ಲ. ಅವರ ತಾಳಕ್ಕೇ ತುಳಿಯುತ್ತೆ."

ಅವನ ಅಂಗಡಿಯಲ್ಲಿದ್ದದ್ದು ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಯಂತ್ರ. ಅದರ ನೇರ ಮೇಲಕ್ಕೆ, ಸೂರಿನ ಹಲಗೆಯಾಚೆ, ಚಿಕ್ಕಮ್ಮನ ಕೋಣೆ.

"ನಂಬಿಕೆ ಇಲ್ವಾ? ತಡೀರಿ," ಎಂದು ಅವನು ರಾಶಿಯ ಕೆಳಗಿನಿಂದ ಇನ್ನೊಂದು ಪರದೆ ಎಳೆದ. "ಇದು ಮಂಗಳವಾರ ಹೊಲಿದಿದ್ದು. ಅದೇ ಹೊತ್ತು, ಅದೇ ಲಿಫ್ಟಿನ ಹಾಡು. ಇಲ್ಲಿ ನೋಡಿ, ಸೊಟ್ಟ. ಒಂದು ಮೊಳ ಬಿಟ್ಟು ಇಲ್ಲಿ ಮತ್ತೆ ಸೊಟ್ಟ. ಪಲ್ಲವಿಗೆ ಬರೋ ಹೊತ್ತಿಗೆ ಅವರ ತಾಳ ಓಡುತ್ತೆ. ನನ್ನ ಕಾಲೂ ಓಡುತ್ತೆ, ಕೈ ಹಿಂದೆ ಬೀಳುತ್ತೆ, ಬಟ್ಟೆ ಜಾರುತ್ತೆ. ಬಿಚ್ಚಿ ಹೊಲೀಬೇಕು. ಮೂರು ವರ್ಷದಿಂದ ಇದೇ ಗೋಳು."

ಸ್ಟೆನೋ ಮತ್ತೆ ಕೂತಳು. "ಬುಧವಾರ ಬೇರೆ ಹಾಡು ಇತ್ತೇನೋ?"

"ಅಯ್ಯೋ, ಅದೇ ಹಾಡು! ಕಿವಿ ತೂತಾಗೋ ಹಾಗೆ ಕೇಳಿದೀನಿ, ನನಗೆ ಗೊತ್ತಾಗಲ್ವಾ? ಆದ್ರೆ ಬುಧವಾರ ಅದೇನು ಕೈ ಕೂತಿತ್ತೋ! ನಾಲ್ಕು ಪರದೆ ಮೇಡಂ, ಒಂದೇ ಒಂದು ಕಡೆ ಸೊಟ್ಟ ಇಲ್ಲ."

ಅವಳು ಅವನ ಕೊರಳಲ್ಲಿದ್ದ ಅಳತೆ ಟೇಪನ್ನು ಕೇಳಿ ಪಡೆದು ಮಂಗಳವಾರದ ಸೊಟ್ಟಗಳನ್ನು ಒಂದೊಂದಾಗಿ ಅಳೆದಳು. ಆಮೇಲೆ ಬುಧವಾರದ ಪರದೆಯ ಮೇಲೆ ಉಗುರು ಎಳೆಯುತ್ತ ಹೋದಳು. ಉಗುರು ಎಲ್ಲೂ ತಡೆಯಲಿಲ್ಲ.

ತಲೆಯೆತ್ತಿ ಸೂರಿನ ಹಲಗೆ ನೋಡಿದಳು.

ಟೈಲರಣ್ಣನ ಕೈ ಕೂತಿರಲಿಲ್ಲ. ಅವನ ಕಾಲು ಓಡಿರಲಿಲ್ಲ, ಏಕೆಂದರೆ ಮೇಲಿನ ತಾಳ ಓಡಿರಲಿಲ್ಲ. ನಲವತ್ತು ವರ್ಷದಲ್ಲಿ ಚಿಕ್ಕಮ್ಮ ಆ ಜಾಗದಲ್ಲಿ ಓಡದೆ ಬಾರಿಸಿದ್ದನ್ನು ಸ್ಟೆನೋ ಒಂದು ಸಲವೂ ಕೇಳಿರಲಿಲ್ಲ. ಓಡದೆ ಬಾರಿಸುವುದು ಈ ಜಗತ್ತಿನಲ್ಲಿ ಒಂದೇ ಒಂದು. ಅದಕ್ಕೆ ಕೈಕಾಲು ಇರುವುದಿಲ್ಲ, ವಯರು ಮತ್ತು ಪ್ಲಗ್ಗು ಇರುತ್ತವೆ.

ಹೇಳಿಕೆ ಅವಳ ಪುಸ್ತಕದಲ್ಲಿತ್ತು. ಪರದೆಯ ವಿಷಯ ಬಾಯಿಬಿಡದಿದ್ದರೆ ಆ ಹೇಳಿಕೆಯಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ನಿನ್ನೆ ತಾನೇ ಅಮ್ಮ ಫೋನಿನಲ್ಲಿ, "ನನ್ನ ತಂಗಿಗೆ ಏನಾದ್ರೂ ಆದ್ರೆ ನಿನ್ನ ಮುಖ ನೋಡಲ್ಲ ಕಣೇ," ಎಂದು ಅತ್ತಿದ್ದಳು. ಸುಮ್ಮನೆ ಮನೆಗೆ ಹೋಗಿಬಿಡಬಹುದಿತ್ತು.

ಸ್ಟೆನೋ ಎರಡೂ ಪರದೆಗಳನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. "ಅಣ್ಣಾ, ಅರ್ಧ ಗಂಟೆ ಕೊಡಿ. ವಾಪಸ್ ತರ್ತೀನಿ."

"ಕೊಳೆ ಮಾಡ್ಬೇಡಿ ಮೇಡಂ, ಸಂಜೆ ಮದುವೆ ಹಾಲ್‌ನೋರು ತಗೊಳ್ಳೋಕೆ ಬರ್ತಾರೆ!"

ಅವಳು ಆಗಲೇ ಮೆಟ್ಟಿಲ ಮೇಲಿದ್ದಳು.

ಚಿಕ್ಕಮ್ಮನ ಕೋಣೆಯ ಗೋಡೆಗಳಿಗೆಲ್ಲ ಹಳೆಯ ಕಂಬಳಿ ಹೊಡೆದಿತ್ತು. ನಡುವೆ ಡ್ರಮ್ಮುಗಳು, ಕಿಟಕಿಯ ಬಳಿ ಕಬ್ಬಿಣದ ಕುರ್ಚಿ, ಮೂಲೆಯಲ್ಲಿ ಎರಡು ಸ್ಪೀಕರ್. ಕಂಬಳಿಯ ಮೇಲೆ ಮೂರು ರೆಕಾರ್ಡುಗಳ ಹೊದಿಕೆ ನೇತುಹಾಕಿತ್ತು. ಮೂರರ ಮೇಲೂ ಮುಂದೆ ನಿಂತವನು 'ಬಿಳಿಕೋಟು' ಎಂದೇ ಜನ ಕರೆಯುತ್ತಿದ್ದ ಗಾಯಕ. ಹಿಂದೆ, ತಾಳದ ತಟ್ಟೆಗಳ ಮರೆಯಲ್ಲಿ, ಅರ್ಧ ಮುಖ ಮಾತ್ರ ಕಾಣುತ್ತಿದ್ದವಳು ಚಿಕ್ಕಮ್ಮ.

ನ್ಯೂ ವೇವ್ ಎಂಬ ಹೊಸ ಪಾಪ್ ಸಂಗೀತಕ್ಕೆ ಊರೆಲ್ಲ ಕುಣಿದ ಕಾಲದ ಬ್ಯಾಂಡು ಅದು. ಪ್ರೀತಿ ವಿರಹ ಯಾವುದೂ ಇಲ್ಲದೆ ಲಿಫ್ಟು, ಟ್ರಾಫಿಕ್ ಸಿಗ್ನಲ್ಲು, ರಾಂಗ್ ನಂಬರ್ ಬಗ್ಗೆ ಮೂರು ನಿಮಿಷದ ಚುರುಕು ಹಾಡುಗಳು. ಎಲ್ಲವನ್ನೂ ಚಿಕ್ಕಮ್ಮನೇ ಬರೆದಿದ್ದಳು, ಮೊದಲು ತೊಡೆಯ ಮೇಲೆ ತಾಳ ಬಡಿದು, ಆಮೇಲೆ ತಾಳದ ಸಂದಿಗೆ ಮಾತು ತುರುಕಿ. ಹೊದಿಕೆಯ ಮೇಲೆ ಮಾತ್ರ ಬರೆದವನ ಹೆಸರು ಬಿಳಿಕೋಟಿನದೇ. ಅವನು ಸೇರುವ ಮೊದಲು ಚಿಕ್ಕಮ್ಮ ತಾನೇ ಬಾರಿಸಿ ತಾನೇ ಹಾಡಿದ ಟೇಪು ಒಂದೇ ಒಂದಿತ್ತು. ಬುಧವಾರ ಕಳುವಾದದ್ದು ಅದೇ. ಅದನ್ನು ಕೊಡಿ ಎಂದು ಕಳೆದ ಸೋಮವಾರ ಸ್ಟುಡಿಯೋ ಮೆಟ್ಟಿಲ ಮೇಲೆ ನಿಂತು ಚಿಕ್ಕಮ್ಮ ಮೇಷ್ಟ್ರ ಜೊತೆ ಕಿರುಚಾಡಿದ್ದನ್ನು ಹತ್ತು ಜನ ನೋಡಿದ್ದರು.

"ಬಾರೇ, ಟೀ ಕುಡೀತೀಯಾ?" ಎಂದಳು ಚಿಕ್ಕಮ್ಮ. ಅರವತ್ತೊಂದು ವಯಸ್ಸಿನ, ಗಿಡ್ಡ ಬಿಳಿ ಕೂದಲಿನ, ಮೊಣಕೈ ಕೆಳಗೆ ಹಗ್ಗದಂಥ ನರಗಳಿದ್ದ ಹೆಂಗಸು.

"ಟೀ ಆಮೇಲೆ. ಡ್ರಮ್ ಮಷೀನ್ ಎಲ್ಲಿಟ್ಟಿದೀಯಾ?"

"ಯಾವ ಮಷೀನು?"

"ಚಿಕ್ಕಮ್ಮಾ."

"ಅದನ್ನ ಯಾವತ್ತೋ ಕೊಟ್ಟುಬಿಟ್ಟೆ."

ಸ್ಟೆನೋ ಮಾತಾಡದೆ ಎರಡು ಪರದೆಗಳನ್ನೂ ನೆಲದ ಮೇಲೆ ಅಕ್ಕಪಕ್ಕ ಹಾಸಿದಳು. "ಇದು ಮಂಗಳವಾರ ನೀನು ಬಾರಿಸಿದ್ದು. ಇದು ಬುಧವಾರ ನೀನು ಬಾರಿಸದೇ ಇದ್ದದ್ದು."

ಚಿಕ್ಕಮ್ಮ ಬಗ್ಗಿ ನೋಡಿದಳು. ಸೊಟ್ಟದ ಮೇಲೆ ಬೆರಳಿಟ್ಟಳು, ಮೊಳ ಹಾಕಿದಳು, ಮುಂದಿನ ಸೊಟ್ಟದ ಮೇಲೆ ಬೆರಳಿಟ್ಟಳು. ಬಾಯಲ್ಲಿ ತಾಳ ಎಣಿಸುತ್ತಿದ್ದಳು. ಯಾರೂ ವಿವರಿಸಬೇಕಾಗಲಿಲ್ಲ. ಒಂದು ಕ್ಷಣ ಅವಳಿಗೆ ನಗುವೇ ಬಂತು.

"ಅವನ ಕಾಲಿಗೆ ಇಷ್ಟು ಚೆನ್ನಾಗಿ ಕೇಳಿಸುತ್ತಾ? ಪಾಪ, ಮೂರು ವರ್ಷದಿಂದ ಹೊಲಿದದ್ದು ಬಿಚ್ಚಿಸ್ತಿದೀನಿ."

"ನಗಬೇಡ. ಎಲ್ಲಿಗೆ ಹೋಗಿದ್ದೆ?"

"ಎಲ್ಲೂ ಇಲ್ಲ."

"ಸ್ಟುಡಿಯೋಗಾ?"

"ಇಲ್ಲ!"

"ಹಾಗಾದ್ರೆ ಬಾಯಿಬಿಡು. ಪೊಲೀಸರ ಮುಂದೆ ಸುಳ್ಳು ಹೇಳಿದೀಯಾ, ಇರಲಿ. ನನ್ನ ಮುಂದೆಯೂ ಹೇಳಿದೆಯಲ್ಲ, ನಾಲ್ಕು ದಿನ ನಿನಗೋಸ್ಕರ ಬೀದಿ ಬೀದಿ ಅಲೆದೆನಲ್ಲ, ನನಗೆ ಹೊಟ್ಟೆ ಉರಿಯುತ್ತೆ ಚಿಕ್ಕಮ್ಮಾ. ನೀನು ಹೇಳೋವರೆಗೂ ನಾನು ಈ ಬಾಗಿಲು ಬಿಟ್ಟು ಕದಲಲ್ಲ."

ಅವಳು ನಿಜವಾಗಿಯೂ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಹಿಡಿದ ಪಟ್ಟು ಬಿಡುವ ಜಾತಿಯಲ್ಲ ಅದು. ಈ ವಿಷಯದಲ್ಲಿ ಚಿಕ್ಕಮ್ಮನನ್ನೇ ಹೋತಿದ್ದಳು.

ಚಿಕ್ಕಮ್ಮ ಸ್ಪೀಕರಿನ ಹಿಂದೆ ಕೈಹಾಕಿ, ಟವೆಲ್ ಸುತ್ತಿದ್ದ ಬೂದು ಬಣ್ಣದ ಪೆಟ್ಟಿಗೆಯೊಂದನ್ನು ತೆಗೆದು ಕುರ್ಚಿಯ ಮೇಲಿಟ್ಟಳು. ಸಾಲಾಗಿ ರಬ್ಬರ್ ಗುಂಡಿಗಳಿದ್ದ, ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ.

"ಮೂರನೇ ರೆಕಾರ್ಡಿಗೆ ಇದನ್ನ ತಂದ್ರು. ನಾನು ಪಲ್ಲವಿಗೆ ಓಡ್ತೀನಂತೆ, ಇದು ಓಡಲ್ವಂತೆ. ಓಡಬೇಕು ಅಂತಲೇ ಕಣೇ ನಾನು ಆ ಹಾಡು ಬರೆದಿದ್ದು! ನಿಂತ ಲಿಫ್ಟಿನೊಳಗೆ ಸಿಕ್ಕಿಕೊಂಡವನ ಎದೆ ಓಡದೆ ಇರುತ್ತಾ? ಯಾರೂ ಕೇಳಲಿಲ್ಲ. ನನ್ನ ತಾಳಗಳನ್ನೆಲ್ಲ ನನ್ನ ಕೈಯಲ್ಲೇ ಇದರೊಳಗೆ ತುಂಬಿಸಿದ್ರು. ಮುಂದಿನ ಶೋಗೆ ನನ್ನ ಕುರ್ಚಿ ಮೇಲೆ ಇದನ್ನ ಕೂರಿಸಿದ್ರು."

"ಗೊತ್ತು. ಬುಧವಾರದ ಮಾತಾಡು."

"ಕಿವಿ ಡಾಕ್ಟರ ಹತ್ರ ಹೋಗಿದ್ದೆ."

ಚಿಕ್ಕಮ್ಮ ಪೆಟ್ಟಿಗೆಯ ಗುಂಡಿಗಳ ಮೇಲೆ ಬೆರಳಾಡಿಸಿದಳು.

"ಗಾಜಿನ ಗೂಡಿನಂಥದ್ರೊಳಗೆ ಕೂರಿಸಿ ಕಿವಿಗೆ ಏನೇನೋ ಸದ್ದು ಬಿಡ್ತಾರೆ. ಕೇಳಿಸಿದಾಗ ಗುಂಡಿ ಒತ್ತಬೇಕು. ನಾಲ್ಕೂಕಾಲಿಗೆ ಒಳಗೆ ಹೋದೋಳು ಐದಕ್ಕೆ ಆಚೆ ಬಂದೆ. ಬಹಳ ಹೊತ್ತು ಗುಂಡಿ ಒತ್ತಲೇ ಇಲ್ಲ ಕಣೇ. ಮಷೀನ್ ಕೆಟ್ಟಿದೆ ಅಂದ್ಕೊಂಡೆ." ಚಿಕ್ಕಮ್ಮ ಎಡಗಿವಿ ಮುಟ್ಟಿಕೊಂಡಳು. "ಎಡಗಿವಿ ಮುಕ್ಕಾಲು ಹೋಗಿದೆಯಂತೆ. ಬಲಗಿವಿ ಅರ್ಧ."

ಒಂದು ವರ್ಷದಿಂದ ಚಿಕ್ಕಮ್ಮ ಫೋನನ್ನು ಬಲಗಿವಿಗೇ ಹಿಡಿಯುತ್ತಿದ್ದದ್ದು, ಹೊಟೇಲಿನಲ್ಲಿ ಎಡಗಿವಿ ಗೋಡೆಯ ಬದಿಗೆ ಬರುವ ಕುರ್ಚಿಗೇ ಹಟ ಮಾಡುತ್ತಿದ್ದದ್ದು ಸ್ಟೆನೋಗೆ ಒಟ್ಟಿಗೇ ನೆನಪಾಯಿತು. ಪತ್ತೇದಾರಳಂತೆ, ಪತ್ತೇದಾರಳು! ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

"ಇದನ್ನ ಇನ್‌ಸ್ಪೆಕ್ಟರಿಗೆ ಹೇಳಿದ್ದಿದ್ರೆ ಮುಗೀತಿತ್ತಲ್ಲ ಚಿಕ್ಕಮ್ಮಾ!"

"ಮುಂದಿನ ತಿಂಗಳು ಮತ್ತೆ ಎಲ್ಲರೂ ಸೇರಿ ಸ್ಟೇಜ್ ಹತ್ತುತ್ತಾ ಇದೀವಿ. ಡ್ರಮ್ಮರ್‌ಗೆ ಕಿವಿ ಕೇಳಿಸಲ್ಲ ಅಂತ ಪೇಪರಿನಲ್ಲಿ ಬಂದ್ರೆ ಬಿಳಿಕೋಟು ನನ್ನನ್ನ ಇಟ್ಕೋತಾನಾ? ಮತ್ತೆ ಈ ಪೆಟ್ಟಿಗೇನೇ ಕೂರಿಸ್ತಾನೆ. ಅದಕ್ಕೇ ಕ್ಲಿನಿಕ್ಕಿನಲ್ಲೂ ಬೇರೆ ಹೆಸರು ಕೊಟ್ಟಿದ್ದೆ. ಬೀದಿಯವರಿಗೆ ನಾನು ಮನೇಲೇ ಇದೀನಿ ಅನ್ನಿಸಲಿ ಅಂತ ಇದನ್ನ ಹಚ್ಚಿಟ್ಟು ಹೋದೆ."

"ಬಾಗಿಲಿಗೆ ಬೀಗ ಹಾಕಿದ್ಯಾ?"

"ಒಳಗೆ ಡ್ರಮ್ ಕೇಳಿಸ್ತಿರೋವಾಗ ಹೊರಗೆ ಬೀಗ ನೇತಾಡಿದ್ರೆ ನೋಡಿದವರು ಏನಂತಾರೆ? ಸುಮ್ಮನೆ ಎಳಕೊಂಡು ಹೋದೆ."

"ವಾಪಸ್ ಬಂದಾಗ ಎಷ್ಟು ಗಂಟೆ?"

"ಐದೂವರೆ."

"ಆಗ ಇದನ್ನ ನೀನೇ ಆರಿಸಿದ್ಯಾ?"

"ಇಲ್ಲ, ಆಗಲೇ ಆರಿತ್ತು. ಕರೆಂಟ್ ಹೋಗಿರಬೇಕು ಅಂದ್ಕೊಂಡೆ."

"ಕರೆಂಟ್ ಹೋಗಿರಲಿಲ್ಲ. ಟೈಲರಣ್ಣ ಏಳರವರೆಗೂ ಇಸ್ತ್ರಿ ಹಾಕ್ತಿದ್ನಂತೆ. ತಾನಾಗೇ ನಿಲ್ಲುತ್ತಾ ಇದು?"

"ನಾವು ನಿಲ್ಲಿಸೋವರೆಗೂ ಹಾಡು ತಿರುಗಾ ಮುರುಗಾ ಬರ್ತಾನೇ ಇರುತ್ತೆ..." ಚಿಕ್ಕಮ್ಮನ ಮಾತು ಅಲ್ಲಿಗೇ ನಿಂತಿತು.

ಐದು ಗಂಟೆಗೆ ಈ ಕೋಣೆಗೆ ಯಾರೋ ಬಂದಿದ್ದರು. ಮೆಟ್ಟಿಲ ಮೇಲೆ ಇನ್ನೊಬ್ಬರು ಬಂದರೆ ಕೇಳಿಸಬೇಕಲ್ಲ, ಅದಕ್ಕೇ ಮಷೀನ್ ಆರಿಸಿದ್ದರು. ಸ್ಟುಡಿಯೋದಿಂದ ಇಲ್ಲಿಗೆ ನಡೆದರೆ ಇಪ್ಪತ್ತು ನಿಮಿಷದ ದಾರಿ.

"ಏನಾದ್ರೂ ಕಳೆದಿದೆಯಾ?"

ಇಬ್ಬರೂ ಹುಡುಕಿದರು. ಕಂಬಳಿಗಳ ಹಿಂದೆ ನೋಡಿದರು, ಸ್ಪೀಕರ್ ಎಳೆದರು, ಕಪಾಟಿನ ಬಟ್ಟೆಗಳನ್ನು ಕೊಡವಿದರು. ಒಂದು ಕಡ್ಡಿಯೂ ಕಳೆದಿರಲಿಲ್ಲ. ಚಿಕ್ಕಮ್ಮನಿಗೆ ತಲೆ ಚಿಟ್ಟು ಹಿಡಿಯಿತು. ಸಿಟ್ಟು ಬಂದಾಗ ಬೇರೆಯವರು ಪಾತ್ರೆ ಕುಕ್ಕುವಂತೆ ಅವಳು ಹೋಗಿ ಡ್ರಮ್ಮಿನ ಮುಂದೆ ಕೂತಳು. ಕೋಲು ಎತ್ತಿಕೊಂಡು ಆ ಲಿಫ್ಟಿನ ಹಾಡನ್ನೇ ಶುರುಮಾಡಿದಳು.

ಕೈ ಹಾಗೇ ಇತ್ತು, ಚೂಪು. ತಟ್ಟೆಗಳು ಚಿಟಿಲ್ ಎಂದವು. ಪಲ್ಲವಿಯ ಹತ್ತಿರ ಬಂದಾಗ ಓಡಿದಳು, ಕೆಳಗೆ ಟೈಲರಣ್ಣ ಏನೋ ಗೊಣಗಿದ್ದೂ ಕೇಳಿಸಿತು.

ಆದರೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು ಸತ್ತಂತಿತ್ತು. ಧಂ ಎನ್ನಬೇಕಾದ ಕಡೆ ಹಾಸಿಗೆ ಬಡಿದ ಹಾಗೆ ದಬ್ ದಬ್ ಎನ್ನುತ್ತಿತ್ತು.

"ನಿಲ್ಲಿಸು," ಎಂದಳು ಸ್ಟೆನೋ. ಚಿಕ್ಕಮ್ಮನಿಗೆ ಕೇಳಿಸಲಿಲ್ಲ. ಅವಳು ಎದುರಿಗೆ ಹೋಗಿ ಕೈ ಆಡಿಸಿದಳು. "ದೊಡ್ಡ ಡ್ರಮ್ಮಿಗೆ ಏನಾಗಿದೆ?"

"ಏನಾಗಿದೆ? ಸರಿಯಾಗೇ ಇದೆಯಲ್ಲ."

"ಇಲ್ಲ ಚಿಕ್ಕಮ್ಮಾ. ಸರಿಯಾಗಿಲ್ಲ."

"ನಾಲ್ಕು ದಿನದಿಂದ ಇದರ ಮೇಲೇ ಬಾರಿಸ್ತಿದೀನಿ! ಕಾಲಿಗೆ ಸ್ವಲ್ಪ ಭಾರ ಅನಿಸ್ತಿತ್ತು, ಮಂಡಿ ನೋವಿಗೆ ಅಂದ್ಕೊಂಡೆ."

ಒಂದು ಕಾಲದಲ್ಲಿ ಇದೇ ಹೆಂಗಸು, ತಟ್ಟೆಯ ಒಂದು ತಿರುಪು ಸಡಿಲವಾಗಿದೆ ಎಂದು ತುಂಬಿದ ಸಭೆಯ ಮುಂದೆ ಇಡೀ ಬ್ಯಾಂಡನ್ನು ನಿಲ್ಲಿಸಿದ್ದಳು. ಸ್ಟೆನೋಗೆ ಅವಳ ಮುಖ ನೋಡಲಾಗಲಿಲ್ಲ. ದೊಡ್ಡ ಡ್ರಮ್ಮಿನ ಮುಂದೆ ಮಂಡಿಯೂರಿ ಕೂತಳು. ಮುಂದಿನ ಚರ್ಮದಲ್ಲಿ, ಸದ್ದು ಹದಕ್ಕೆ ಬರಲೆಂದು ಒಳಗೆ ಬಟ್ಟೆ ತುಂಬಲು ಕೊರೆದ ಅಗಲ ತೂತು ಇತ್ತು. ಅದರೊಳಗೆ ಭುಜದವರೆಗೂ ಕೈ ತೂರಿಸಿದಳು.

ಹಳೆಯ ರಜಾಯಿ ಸಿಕ್ಕಿತು. ಅದನ್ನು ಯಾರೋ ಆಚೆ ಬದಿಯ ಚರ್ಮಕ್ಕೆ ಒತ್ತಿ ತುರುಕಿದ್ದರು. ರಜಾಯಿಯ ಹಿಂದೆ ಚೌಕಾಕಾರದ, ಗಟ್ಟಿಯಾದದ್ದೇನೋ ಬೆರಳಿಗೆ ತಗುಲಿತು. ಅವಳು ಕರವಸ್ತ್ರ ಸುತ್ತಿ ಅದನ್ನು ಮೆಲ್ಲಗೆ ಎಳೆದಳು.

ಕಂದು ರಟ್ಟಿನ ಪೆಟ್ಟಿಗೆ, ಟೇಪಿನದು. ಒಂದು ಮೂಲೆಗೆ ಒಣಗಿದ ರಕ್ತ ಹತ್ತಿತ್ತು. ಮೇಲೆ ಮೇಷ್ಟ್ರ ದುಂಡು ಅಕ್ಷರದಲ್ಲಿ ನಲವತ್ತು ವರ್ಷದ ಹಿಂದಿನ ತಾರೀಖು. ಅದರ ಕೆಳಗೆ: ಮಾತು, ರಾಗ, ಹಾಡಿದ್ದು, ಡ್ರಮ್. ನಾಲ್ಕಕ್ಕೂ ಸೇರಿಸಿ ಒಂದೇ ಹೆಸರು, ಚಿಕ್ಕಮ್ಮನದು.

ಚಿಕ್ಕಮ್ಮ ಎರಡೂ ಕೈ ಚಾಚಿದಳು.

"ಮುಟ್ಟಬೇಡ!" ಸ್ಟೆನೋ ಗದರಿದಳು. "ನಿನ್ನ ಬೆರಳ ಗುರುತು ಬಿದ್ರೆ ಮುಗೀತು."

ಚಿಕ್ಕಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮಗು ಅಂಗಡಿಯ ಗಾಜಿಗೆ ಮುಖ ಒತ್ತಿದ ಹಾಗೆ ಬಗ್ಗಿ ಓದಿದಳು. ಓದಿ ಮುಗಿದರೂ ಬಗ್ಗಿಯೇ ಇದ್ದಳು. ಕಣ್ಣೀರು ರಟ್ಟಿನ ಮೇಲೆ ಬೀಳದಂತೆ ಸ್ಟೆನೋ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಬೇಕಾಯಿತು.

"ನಾಲ್ಕು ದಿನ," ಎಂದಳು ಚಿಕ್ಕಮ್ಮ. "ಇದರ ಮೇಲೇ ಒದ್ದೆ. ನನಗೆ ಕೇಳಿಸಲೇ ಇಲ್ಲ."

"ಈಗ ಏನು ಮಾಡ್ತೀಯಾ, ಹೇಳು. ಇದು ನಿನ್ನ ಕೋಣೇಲಿ ಸಿಕ್ತು ಅಂದ್ರೆ ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಿಕೊಂಡು ಒಳಗೆ ಹಾಕ್ತಾನೆ. ಉಳಿಯೋಕೆ ಒಂದೇ ದಾರಿ, ಕ್ಲಿನಿಕ್ಕು. ಡಾಕ್ಟರು ನಿನ್ನ ಮುಖ ನೋಡಿ ಗುರುತು ಹೇಳ್ಬೇಕು. ಹೇಳಿದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಸ್ಟೇಜು ಹೋಗುತ್ತೆ."

ಚಿಕ್ಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಕುರ್ಚಿಯ ಮೇಲಿದ್ದ ಬೂದು ಪೆಟ್ಟಿಗೆಯನ್ನು ಒಂದು ಸಲ, ರಟ್ಟಿನ ಪೆಟ್ಟಿಗೆಯನ್ನು ಒಂದು ಸಲ ನೋಡಿದಳು.

"ಹೋಗಲಿ," ಎಂದಳು. "ಸ್ಟೇಜ್ ಮೇಲೆ ಇನ್ನೆಷ್ಟು ದಿನ ಬಾರಿಸ್ತೀನಿ? ಇದು ಹೋದ್ರೆ ನಾನು ಬಾರಿಸೇ ಇರಲಿಲ್ಲ ಅಂದ ಹಾಗಾಗುತ್ತೆ. ಕರೆ ಮಾಡು. ಎಲ್ಲಾನೂ ನಾನೇ ಹೇಳ್ತೀನಿ, ಕಿವಿ ವಿಷಯಾನೂ ಹೇಳ್ತೀನಿ."

ಸ್ಟೆನೋಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಬದಲಿಗೆ ಫೋನ್ ತೆಗೆದು ಇನ್‌ಸ್ಪೆಕ್ಟರ್ ನಂಬರ್ ಒತ್ತಿದಳು. ಆಚೆ ಕಡೆ ಗಂಟೆ ಹೊಡೆಯತೊಡಗಿತು.

ಒಂದನೇ ಗಂಟೆ. ಎರಡನೇ ಗಂಟೆ. ಅಷ್ಟರಲ್ಲಿ ಅವಳ ತಲೆಯಲ್ಲಿ ಒಂದು ಯೋಚನೆ ಸಿಕ್ಕಿಹಾಕಿಕೊಂಡಿತು.

ಡ್ರಮ್ಮರಳನ್ನು ಸಿಕ್ಕಿಸುವವರು ಡ್ರಮ್ಮಿನೊಳಗೆ ಏಕೆ ಅಡಗಿಸುತ್ತಾರೆ? ಮೊದಲನೆಯ ಏಟಿಗೇ ಅವಳಿಗೆ ಗೊತ್ತಾಗಿ ತೆಗೆದು ಬಿಸಾಡುತ್ತಾಳಲ್ಲ. ಕಪಾಟಿತ್ತು, ಕಂಬಳಿಯ ಹಿಂದೆ ಬೇಕಾದಷ್ಟು ಜಾಗವಿತ್ತು. ಡ್ರಮ್ಮೇ ಆಗಬಹುದು ಎಂದು ಧೈರ್ಯ ಮಾಡಬೇಕಾದರೆ, ಚಿಕ್ಕಮ್ಮನಿಗೆ ಆ ಸದ್ದು ಕೇಳಿಸುವುದಿಲ್ಲ ಎಂದು ಮೊದಲೇ ತಿಳಿದಿರಬೇಕು. ಬುಧವಾರ ನಾಲ್ಕು ಗಂಟೆಗೆ ಈ ಕೋಣೆ ಖಾಲಿ ಇರುತ್ತದೆ ಎಂದೂ ತಿಳಿದಿರಬೇಕು.

"ಚಿಕ್ಕಮ್ಮಾ, ಕಿವಿ ವಿಷಯ ಯಾರಿಗೆ ಹೇಳಿದ್ದೆ?"

"ಯಾರಿಗೂ ಇಲ್ಲ."

"ಬುಧವಾರ ಡಾಕ್ಟರ ಹತ್ರ ಹೋಗ್ತೀನಿ ಅಂತ?"

ಮೂರನೇ ಗಂಟೆ.

"ಯೋಚನೆ ಮಾಡಿ ಹೇಳು. ಒಬ್ಬರಿಗಾದ್ರೂ ಹೇಳಿರ್ತೀಯಾ."

ಚಿಕ್ಕಮ್ಮ ಬಾಯಿ ತೆರೆದಳು. ಆಮೇಲೆ ಆ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವಳಿಗೂ ಹೊಳೆಯಿತು. ಅವಳು ಮುಂದೆ ಬಂದು ಫೋನಿಗೆ ಕೈ ಹಾಕಿದಳು.

"ಇಡು ಕಣೇ ಅದನ್ನ. ಇಡು."

"ಯಾರಿಗೆ, ಚಿಕ್ಕಮ್ಮಾ?"

"ನಿಮ್ಮ ಅಮ್ಮನಿಗೆ."

"ಹಲೋ," ಎಂದಿತು ಇನ್‌ಸ್ಪೆಕ್ಟರನ ದನಿ. "ಹೇಳಿ ಮೇಡಂ, ಏನು ಸಿಕ್ತು?"